ಪರದೆ ಕನ್ನಡಕ್ಕೂ ಹದವಾಗಲಿ

ಹೊರನಾಡಿನಲ್ಲಿ ದುಡಿಯುವ ನಮಗೆ ಕನ್ನಡದ ಅಕ್ಷರ ಕಣ್ಣಿಗೆ ಬೀಳುವುದು ಹೆಚ್ಚಾಗಿ ಪರದೆಯ ಮೇಲೆಯೇ. ಪುಣೆಯಲ್ಲಿ ನಾನಿರುವ ಬಡಾವಣೆಯ ಅಂಗಡಿಗಳ ಬೋರ್ಡು ಮರಾಠಿಯಲ್ಲಿದೆ, ಬಸ್ಸಿನ ಬೋರ್ಡೂ ಮರಾಠಿಯಲ್ಲಿದೆ. ಬೆಳಿಗ್ಗೆ ಬಾಗಿಲಿಗೆ ಕನ್ನಡ ಪತ್ರಿಕೆ ಬಂದು ಬೀಳುವುದಿಲ್ಲ, ಇ-ಪೇಪರೇ ಗತಿ. ಹೀಗಿದ್ದರೂ, ಆ ಪರದೆ ಕನ್ನಡ ಓದಲು ಹದವಾಗಿದೆಯೇ ಎಂದು ನೋಡಿಕೊಂಡವರು ನನ್ನ ಬಳಗದಲ್ಲಿ ಕಡಿಮೆ. ಕಚೇರಿಯ ಐಟಿ ವಿಭಾಗ ಕೈಗಿತ್ತ ದಿನ ಹೇಗಿತ್ತೋ ಇವತ್ತಿಗೂ ಹಾಗೆಯೇ ಇರುತ್ತದೆ. ‘ಕನ್ನಡ ಓದೋಕೆ ಟೈಮೇ ಸಿಗಲ್ಲ’ ಎನ್ನುವ ಗೆಳೆಯರಿಗೆ ನಾನು ಹೇಳುವುದಿಷ್ಟೇ: ಗಡಿಯಾರದ ಜೊತೆಗೆ ಪರದೆಯ ಸೆಟ್ಟಿಂಗನ್ನೂ ಒಮ್ಮೆ ನೋಡಿ.

ಇಂಗ್ಲಿಷಿಗೆ ಸಾಕಾಗುವ ಗಾತ್ರ ಕನ್ನಡಕ್ಕೆ ಸಾಲದು. ‘ರಾಷ್ಟ್ರ’ ಎಂಬ ಪದದಲ್ಲಿ ಒಂದೇ ಅಕ್ಷರಕ್ಕೆ ಎರಡು ಒತ್ತು. ‘ದನ’ಕ್ಕೂ ‘ಧನ’ಕ್ಕೂ ಇರುವ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಗೆರೆ. ಅಕ್ಷರ ಕಿರಿದಾದರೆ ಆ ಗೆರೆ ಕರಗಿಹೋಗುತ್ತದೆ, ಕಣ್ಣು ಊಹಿಸಿಕೊಂಡು ಓದಬೇಕಾಗುತ್ತದೆ. ದಿನವಿಡೀ ದುಡಿದ ಕಣ್ಣು ಸಂಜೆ ಆ ಶ್ರಮ ಬೇಡವೆಂದು ಇಂಗ್ಲಿಷ್ ಸುದ್ದಿಯ ಕಡೆಗೆ ಜಾರುತ್ತದೆ. ನಲವತ್ತು ದಾಟಿದವರಿಗಂತೂ ಹತ್ತಿರದ ನೋಟವೇ ಕಷ್ಟ. ನಮ್ಮ ಉತ್ತರ ಕರ್ನಾಟಕದವರು ಕನ್ನಡಕವನ್ನು ‘ಚಾಳೀಸು’ ಎನ್ನುವುದು ಸುಮ್ಮನೆ ಅಲ್ಲ. ಮರಾಠಿಯಲ್ಲಿ ‘ಚಾಳೀಸ್’ ಎಂದರೆ ನಲವತ್ತು.

ಲೆಕ್ಕ ಸರಳ. 1920×1080 ಚುಕ್ಕಿಗಳಿರುವ 24 ಇಂಚಿನ ಮಾನಿಟರಿನಲ್ಲಿ ಒಂದು ಇಂಚಿಗೆ ಸುಮಾರು 92 ಚುಕ್ಕಿ. ಅಷ್ಟೇ ಚುಕ್ಕಿಗಳನ್ನು 14 ಇಂಚಿನ ಲ್ಯಾಪ್‌ಟಾಪಿಗೆ ತುಂಬಿದರೆ ಇಂಚಿಗೆ ಸುಮಾರು 157. ಅಂದರೆ ಸ್ಕೇಲ್ ಬದಲಿಸದಿದ್ದರೆ ಅದೇ ಅಕ್ಷರ ಲ್ಯಾಪ್‌ಟಾಪಿನಲ್ಲಿ ಹೆಚ್ಚುಕಡಿಮೆ ಶೇ 60ರಷ್ಟು ಗಾತ್ರಕ್ಕೆ ಇಳಿಯುತ್ತದೆ. ಇದಕ್ಕೆ ರೆಸೊಲ್ಯೂಷನ್ ತಗ್ಗಿಸುವವರಿದ್ದಾರೆ. ಅಕ್ಷರವೇನೋ ದೊಡ್ಡದಾಗುತ್ತದೆ, ಆದರೆ ಮಸುಕಾಗುತ್ತದೆ. ಪರದೆಯ ಚುಕ್ಕಿಗಳು ಎಷ್ಟಿವೆಯೋ ಅಷ್ಟೇ ಇರುವುದರಿಂದ ಚಿತ್ರವನ್ನು ಹಿಗ್ಗಿಸಿ ತೋರಿಸಬೇಕಾಗುತ್ತದೆ. ರೆಸೊಲ್ಯೂಷನ್ ಇದ್ದಂತೆಯೇ ಇರಲಿ. ವಿಂಡೋಸ್‌ನಲ್ಲಾದರೆ ಡಿಸ್‌ಪ್ಲೇ ಸೆಟ್ಟಿಂಗ್ಸ್‌ಗೆ ಹೋಗಿ ‘ಸ್ಕೇಲ್’ ಅನ್ನು ಶೇ 125 ಅಥವಾ 150ಕ್ಕೆ ಏರಿಸಿ. ಎರಡು ಪರದೆ ಇದ್ದರೆ ಎರಡಕ್ಕೂ ಬೇರೆಬೇರೆಯಾಗಿ ಹೊಂದಿಸಬಹುದು. ಬ್ರೌಸರಿನ ಪುಟಕ್ಕಷ್ಟೇ ಸಾಕೆಂದರೆ ಕಂಟ್ರೋಲ್ ಮತ್ತು ಪ್ಲಸ್ ಕೀಲಿ ಒತ್ತಿ. ಮಾನಿಟರಿನ ಸ್ಟ್ಯಾಂಡು ತಿರುಗುವಂತಿದ್ದರೆ ಉದ್ದಕ್ಕೆ ನಿಲ್ಲಿಸಿ ‘ಪೋರ್ಟ್ರೇಟ್’ ಆರಿಸಿಕೊಳ್ಳಿ. ಪತ್ರಿಕೆಯ ಪುಟಕ್ಕೆ ಅದೇ ಒಪ್ಪುವ ಆಕಾರ.

ಇನ್ನು ಬೆಳಕು. ಪರದೆಯ ಪಕ್ಕ ಒಂದು ಬಿಳಿ ಹಾಳೆ ಹಿಡಿಯಿರಿ. ಪರದೆಯ ಬಿಳುಪು ಟ್ಯೂಬ್‌ಲೈಟಿನಂತೆ ಕಣ್ಣು ಕುಕ್ಕಿದರೆ ಬ್ರೈಟ್‌ನೆಸ್ ಇಳಿಸಿ, ಹಾಳೆಗಿಂತ ಮಂಕಾಗಿ ಕಂಡರೆ ಏರಿಸಿ. ಬೆನ್ನ ಹಿಂದಿನ ಕಿಟಕಿ ಪರದೆಯಲ್ಲಿ ಹೊಳೆಯುತ್ತಿದ್ದರೆ ಮೇಜನ್ನು ಪಕ್ಕಕ್ಕೆ ತಿರುಗಿಸುವುದೇ ಮೇಲು. ನೀಲಿ ಬೆಳಕು ತಡೆಯುವ ಕನ್ನಡಕಕ್ಕೆ ದುಡ್ಡು ಸುರಿಯುವ ಮೊದಲು ಇವಿಷ್ಟು ಮಾಡಿ. ಕಂಪ್ಯೂಟರಿನ ಮುಂದೆ ಕೂರುವವರಿಗಾಗಿ ಅಂಥ ಕನ್ನಡಕವನ್ನು ಅಮೆರಿಕದ ನೇತ್ರತಜ್ಞರ ಅಕಾಡೆಮಿ ಶಿಫಾರಸು ಮಾಡುವುದಿಲ್ಲ. ಪರದೆ ನೋಡುವಾಗ ನಾವು ರೆಪ್ಪೆ ಬಡಿಯುವುದು ಕಡಿಮೆಯಾಗುತ್ತದೆ, ಕಣ್ಣು ಒಣಗಿ ಉರಿಯುವುದಕ್ಕೆ ಅದೊಂದು ಮುಖ್ಯ ಕಾರಣ. 20 ನಿಮಿಷಕ್ಕೊಮ್ಮೆ 20 ಅಡಿ ದೂರಕ್ಕೆ 20 ಸೆಕೆಂಡು ದೃಷ್ಟಿ ಹಾಯಿಸಿ, ಇದಕ್ಕೆ ಖರ್ಚಿಲ್ಲ. ಇಷ್ಟಾದರೂ ಉರಿ, ತಲೆನೋವು ನಿಲ್ಲದಿದ್ದರೆ ಕಣ್ಣಿನ ವೈದ್ಯರಿಗೇ ತೋರಿಸಬೇಕು.

ಕಚೇರಿಗಳ ಪಾಲೂ ಇದೆ. ಪರದೆಯ ಮುಂದೆ ದುಡಿಯುವವರಿಗೆ ಕಣ್ಣಿನ ತಪಾಸಣೆಯ ಹಕ್ಕು ಇರಬೇಕೆಂದು ಯುರೋಪಿನ ದೇಶಗಳು 1990ರ ನಿರ್ದೇಶನದಲ್ಲೇ ಬರೆದುಕೊಂಡಿವೆ. ಆ ದೇಶಗಳ ಗ್ರಾಹಕರಿಗಾಗಿ ರಾತ್ರಿ ಕೂತು ಕೆಲಸ ಮಾಡುವ ನಮ್ಮವರು ತಪಾಸಣೆಯನ್ನೂ ಒಂದು ಒಳ್ಳೆಯ ಮಾನಿಟರನ್ನೂ ಕೇಳಲು ಸಂಕೋಚಪಡುತ್ತಾರೆ. ಸೆಟ್ಟಿಂಗ್ ಬದಲಿಸದಂತೆ ಲಾಕ್ ಮಾಡಿದ್ದರೆ ಐಟಿ ವಿಭಾಗಕ್ಕೆ ಒಂದು ಟಿಕೆಟ್ ಹಾಕಿ. ಕಣ್ಣು ನಮ್ಮದು, ಕೇಳುವುದರಲ್ಲಿ ತಪ್ಪೇನಿಲ್ಲ.

ಕೊನೆಯದಾಗಿ, ಮಕ್ಕಳ ಮಾತು. ಹೊರನಾಡಿನಲ್ಲಿ ಹುಟ್ಟಿದ ಎಷ್ಟೋ ಮಕ್ಕಳು ಶನಿವಾರ, ಭಾನುವಾರ ಕನ್ನಡ ಕಲಿಯುವುದು ಪರದೆಯ ಮೇಲೆಯೇ. ನಮಗಾದರೆ ಧ ಕಾಣದಿದ್ದರೂ ಧ ಎಂದು ಗೊತ್ತು. ಅವರಿಗೆ ಗೆರೆ ಕಾಣದಿದ್ದರೆ ಅದು ದ ಎಂದೇ ಮನಸ್ಸಿನಲ್ಲಿ ಉಳಿಯುತ್ತದೆ. ಇವತ್ತು ಮಗುವನ್ನು ಪರದೆಯಿಂದ ಒಂದು ತೋಳಿನಳತೆ ದೂರ ಕೂರಿಸಿ ‘ದನ’, ‘ಧನ’ ಓದಿಸಿ. ಮುಂದಕ್ಕೆ ಬಾಗಿ ನೋಡಿದರೆ ಸ್ಕೇಲನ್ನು ಇನ್ನೊಂದು ಹಂತ ಏರಿಸಿ.