ಬಿಚ್ಚಲು ಬರುವ ವಸ್ತು

ಮುಂಬಯಿಯ ಭೇಂಡಿ ಬಜಾರಿನ ಮಗ್ಗುಲಲ್ಲಿರುವ ಚೋರ್ ಬಜಾರಿಗೆ ಎರಡು ಬಗೆಯ ಗಿರಾಕಿಗಳು ಬರುತ್ತಾರೆ. ಗ್ರಾಮಫೋನಿನ ಹಿತ್ತಾಳೆ ಕಹಳೆಯನ್ನೋ ವಾಲ್ವ್ ರೇಡಿಯೊವನ್ನೋ ನೋಡುತ್ತ, ಇದು ನಮ್ಮ ಮನೆಯ ಹಾಲಿಗೆ ಒಪ್ಪೀತೇ ಎಂದು ಯೋಚಿಸುವವರು ಒಂದು ಬಗೆ. ಫ್ಯಾನಿನ ಮೋಟಾರು, ಗಾಡಿಯ ಬಿಡಿಭಾಗ, ಮಗನಿಗೊಂದು ಅಗ್ಗದ ಫೋನು ಹುಡುಕಿಕೊಂಡು ಶುಕ್ರವಾರದ ಸಂತೆಗೆ ಬೆಳಕು ಹರಿಯುವ ಮೊದಲೇ ಬರುವವರು ಇನ್ನೊಂದು ಬಗೆ. ಹಳೆಯ ಉಪಕರಣಗಳ ಸೆಳೆತದ ಮಾತು ಬಂದಾಗ ನಾವು ಮೊದಲಿನವರನ್ನಷ್ಟೇ ಲೆಕ್ಕಕ್ಕೆ ಹಿಡಿದು, ‘ಹಳೆಯ ನೆನಪಿನ ಹಂಬಲ’ ಎಂದು ಷರಾ ಬರೆದು ಕಡತ ಮುಚ್ಚುತ್ತೇವೆ. ಆದರೆ ಎಚ್‌ಎಂಟಿ ವಾಚು ಕಟ್ಟಿಕೊಂಡು ತಿರುಗುವ ಕಾಲೇಜು ಹುಡುಗನಿಗೆ ಅದರ ನೆನಪು ಎಲ್ಲಿಂದ ಬರಬೇಕು? ಹಳೆಯ ಮೋಟಾರು ಕೊಳ್ಳುವವನಿಗಂತೂ ನೆನಪಿಗಾಗಿ ಖರ್ಚು ಮಾಡುವ ಶಕ್ತಿಯೇ ಇಲ್ಲ. ಇಬ್ಬರಿಗೂ ಹೊಂದುವ ಕಾರಣ ಒಂದಿದೆ: ಸರಳವಾದ ಹಳೆಯ ಯಂತ್ರ ಕೊಂಡವನ ಮಾತು ಕೇಳುತ್ತದೆ.

ಎಚ್‌ಎಂಟಿಯನ್ನೇ ನೋಡಿ. 1961ರಲ್ಲಿ ಬೆಂಗಳೂರಿನಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಅದರ ವಾಚು ತಯಾರಿಕೆ ಶುರುವಾಯಿತು. ಅದರ ‘ಜನತಾ’ ವಾಚಿಗೆ ದಿನಕ್ಕೊಮ್ಮೆ ಕೀ ಕೊಡಬೇಕು. ಹಿಂದಿನ ಮುಚ್ಚಳ ತೆಗೆದರೆ ಇಡೀ ಸಂಸಾರ ಕಣ್ಣೆದುರು: ಸುತ್ತಿಕೊಂಡ ಸ್ಪ್ರಿಂಗು ಮೆಲ್ಲಗೆ ಬಿಚ್ಚಿಕೊಳ್ಳುತ್ತದೆ, ಹಲ್ಲಿನ ಚಕ್ರಗಳು ಒಂದನ್ನೊಂದು ತಳ್ಳುತ್ತವೆ, ತೂಗುಚಕ್ರ ಅತ್ತಿತ್ತ ಆಡುತ್ತ ಅವಸರಕ್ಕೆ ಕಡಿವಾಣ ಹಾಕುತ್ತದೆ. ವಾಚು ನಿಂತರೆ ಎಣ್ಣೆ ಒಣಗಿರಬೇಕು, ಸ್ಪ್ರಿಂಗು ತುಂಡಾಗಿರಬೇಕು, ಇಲ್ಲವೇ ಚಕ್ರದ ಅಚ್ಚು ಬಾಗಿರಬೇಕು. ಉಪನಗರದ ಸ್ಟೇಷನ್ನಿನ ಹೊರಗೆ ಗಾಜಿನ ಪೆಟ್ಟಿಗೆ ಇಟ್ಟುಕೊಂಡು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತ ರಿಪೇರಿಯವನಿಗೆ ಇದಕ್ಕೆ ಕಂಪನಿಯ ಅಪ್ಪಣೆ ಬೇಕಿಲ್ಲ. ಎಚ್‌ಎಂಟಿ ವಾಚಸ್ ಸಂಸ್ಥೆಯನ್ನು ಮುಚ್ಚಲು ಕೇಂದ್ರ ಸಂಪುಟ 2016ರಲ್ಲಿ ಒಪ್ಪಿತು. ಆದರೂ ಆ ವಾಚುಗಳು ಓಡುತ್ತಲೇ ಇವೆ, ಏಕೆಂದರೆ ಅವನ್ನು ಓಡಿಸುವ ವಿದ್ಯೆ ಕಾರ್ಖಾನೆಯ ಗೋಡೆಯೊಳಗೆ ಮಾತ್ರ ಇರಲಿಲ್ಲ.

ಇಂದಿನ ಸ್ಮಾರ್ಟ್ ವಾಚಿನ ಕಥೆ ಬೇರೆ. ಬ್ಯಾಟರಿಯನ್ನು ಅಂಟು ಹಾಕಿ ಕೂರಿಸಿರುತ್ತಾರೆ. ಲಾಗಿನ್ ಆಗದೆ ಹಲವು ಸೌಲಭ್ಯಗಳು ತೆರೆದುಕೊಳ್ಳುವುದಿಲ್ಲ. ಕಂಪನಿ ಅಪ್‌ಡೇಟ್ ನಿಲ್ಲಿಸಿದರೆ ಗಟ್ಟಿಯಾಗಿರುವ ವಸ್ತುವೂ ಮುದಿಯಾಗುತ್ತದೆ. ದುಡ್ಡು ಕೊಟ್ಟ ಮೇಲೂ ವ್ಯವಹಾರ ಮುಗಿಯುವುದಿಲ್ಲ. ಹಳೆಯ ಫೋನು ಹೀಗಿರಲಿಲ್ಲ: 2003ರಲ್ಲಿ ಬಂದ ನೋಕಿಯಾ 1100ರಲ್ಲಿ ಮಾತು, ಎಸ್ಸೆಮ್ಮೆಸ್, ಅಲಾರಂ, ಟಾರ್ಚ್ ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಬ್ಯಾಟರಿಯನ್ನು ಉಗುರಿನಿಂದಲೇ ತೆಗೆಯಬಹುದಿತ್ತು. ಜಗತ್ತಿನಾದ್ಯಂತ 25 ಕೋಟಿಗೂ ಹೆಚ್ಚು ಮಾರಾಟವಾದ ಆ ಫೋನು ತನ್ನ ಒಡೆಯನ ಗಮನವನ್ನು ಬೇಡುತ್ತಿರಲಿಲ್ಲ.

ರಿಪೇರಿಯ ಬುದ್ಧಿಗೂ ಹೊಸದನ್ನು ಕಂಡುಹಿಡಿಯುವ ಬುದ್ಧಿಗೂ ಹತ್ತಿರದ ನಂಟಿದೆ. ಇದಕ್ಕೆ ಮುಂಬಯಿಯಲ್ಲೇ ಸಾಕ್ಷಿ ಇದೆ. 1960ರ ದಶಕದಲ್ಲಿ ಇಲ್ಲಿನ ಎಂಜಿನಿಯರ್ ಸತ್ಯಪ್ರಕಾಶ್ ಮಾಥುರ್ ಅವರ ಮನೆಯಲ್ಲಿ ಜರ್ಮನಿಯ ಮಿಕ್ಸರ್ ಕೆಟ್ಟಿತು. ಅದನ್ನು ಇಲ್ಲಿ ಸರಿಮಾಡಿಸುವ ದಾರಿ ಕಾಣಲಿಲ್ಲ. ನಮ್ಮ ಅಡುಗೆಯ ಗಟ್ಟಿ ಕಾಳನ್ನು ತಾಳಿಕೊಳ್ಳುವ ಮೋಟಾರು ಹೇಗಿರಬೇಕೆಂದು ಪತಿ-ಪತ್ನಿ ತಲೆಕೆಡಿಸಿಕೊಂಡದ್ದರ ಫಲವೇ ಸುಮೀತ್ ಮಿಕ್ಸಿ. ಲ್ಯಾಮಿಂಗ್ಟನ್ ರೋಡಿನ ಎಲೆಕ್ಟ್ರಾನಿಕ್ ಬಿಡಿಭಾಗಗಳ ಅಂಗಡಿಗಳು ಬೆಳೆದದ್ದೂ ಇಂಥ ಬಿಚ್ಚಿ ನೋಡುವವರಿಂದಲೇ. ಯಾವುದನ್ನೂ ಬಿಚ್ಚಲಾಗದ ಊರಿನಲ್ಲಿ ಕೊಳ್ಳುವವರು ಹೆಚ್ಚಬಹುದು, ಕಲಿಯುವವರು ಉಳಿಯುವುದಿಲ್ಲ.

ಹಾಗೆಂದು ಹಳತೆಲ್ಲ ಹೊನ್ನಲ್ಲ. ಇಪ್ಪತ್ತು ವರ್ಷದ ಫ್ರಿಜ್ಜು ಕೆಡದೆ ಓಡಿದರೂ ಕರೆಂಟಿನ ಬಿಲ್ಲಿನಲ್ಲಿ ತನ್ನ ಸುಂಕ ವಸೂಲು ಮಾಡುತ್ತದೆ. ಹಳೆಯ ವೈರಿನ ಇಸ್ತ್ರಿಪೆಟ್ಟಿಗೆ ಅಪಾಯಕಾರಿ. ಅಗತ್ಯಕ್ಕೆಂದು ಸೆಕೆಂಡ್ ಹ್ಯಾಂಡ್ ಕೊಳ್ಳುವವನ ಪಾಡು ಇನ್ನೂ ಕಷ್ಟ: ರಸೀದಿ ಇಲ್ಲ, ಗ್ಯಾರಂಟಿ ಇಲ್ಲ, ಕೈಗೆ ಬಂದ ಫೋನು ಕದ್ದದ್ದಲ್ಲ ಎಂಬ ಖಾತ್ರಿಯೂ ಇಲ್ಲ. ಅವನ ಬಡತನವನ್ನು ‘ಸರಳ ಜೀವನ’ ಎಂದು ಉಳ್ಳವರು ಹೊಗಳುವುದು ಸಭ್ಯತೆಯಲ್ಲ.

ಶೋಕಿಯ ಬೇಡಿಕೆ ಇನ್ನೊಂದು ಅಡ್ಡದಾರಿ ಹಿಡಿಸುತ್ತದೆ. ಹಳೆಯ ವಾಚುಗಳನ್ನು ಸಂಗ್ರಹಿಸುವವರ ಲೋಕದಲ್ಲಿ ‘ಮುಂಬಯಿ ಸ್ಪೆಷಲ್’ ಎಂಬ ಅಡ್ಡಹೆಸರು ಪ್ರಸಿದ್ಧ. ಎಲ್ಲೆಲ್ಲಿಯದೋ ಬಿಡಿಭಾಗಗಳನ್ನು ಕೂಡಿಸಿ, ಡಯಲ್ಲಿಗೆ ಕಣ್ಣು ಕುಕ್ಕುವ ಬಣ್ಣ ಬಳಿದು, ಹಳೆಯ ಹೆಸರು ಬರೆದು ‘ವಿಂಟೇಜ್’ ಎಂದು ಮಾರುವ ವಾಚಿಗೆ ಹಾಗೆನ್ನುತ್ತಾರೆ. ಅದನ್ನು ಜೋಡಿಸಿದವನ ಕೈಚಳಕ ಸಣ್ಣದಲ್ಲ. ಕೇಳುವವನಿಗೆ ಬೇಕಾದದ್ದು ಹಳೆಯ ಮುಖ ಮಾತ್ರವಾದರೆ ಪೇಟೆ ಮುಖವನ್ನೇ ಮಾಡಿಕೊಡುತ್ತದೆ. ಹೊಸ ಬ್ಲೂಟೂತ್ ಸ್ಪೀಕರಿಗೆ ಹಳೆ ರೇಡಿಯೊದ ವೇಷ ಹಾಕುವ ದೊಡ್ಡ ಕಂಪನಿಗಳು ಮಾಡುವುದೂ ಅದನ್ನೇ. ಆ ಸ್ಪೀಕರಿನ ಒಳಗನ್ನು ಬಿಚ್ಚುವುದು ಮಾತ್ರ ಉಳಿದ ಹೊಸ ವಸ್ತುಗಳಷ್ಟೇ ಕಷ್ಟ.

ಆದ್ದರಿಂದ ಹಳೆಯ ವಸ್ತುಗಳಲ್ಲಿ ನಾವು ಮೆಚ್ಚಿದ ಗುಣವನ್ನು ಹೊಸ ವಸ್ತುಗಳಲ್ಲೂ ಕೇಳಬೇಕು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ರಚಿಸಿ, ಅದೇ ವರ್ಷ ಒಂದು ಪೋರ್ಟಲ್ಲನ್ನೂ ತೆರೆಯಿತು. ಒಳ್ಳೆಯದೇ, ಆದರೆ ಪೋರ್ಟಲ್ಲು ಮಾಹಿತಿ ಕೊಡಬಲ್ಲದು, ಅಂಟನ್ನು ಬಿಡಿಸಲಾರದು. ಯುರೋಪಿಯನ್ ಒಕ್ಕೂಟ ಒಂದು ಹೆಜ್ಜೆ ಮುಂದೆ ಹೋಗಿ, 2027ರ ಫೆಬ್ರುವರಿಯಿಂದ ಸಣ್ಣ ಉಪಕರಣಗಳ ಬ್ಯಾಟರಿಯನ್ನು ಬಳಸುವವರೇ ಬದಲಾಯಿಸುವಂತಿರಬೇಕು ಎಂದು ಕೆಲವು ವಿನಾಯಿತಿಗಳೊಂದಿಗೆ ನಿಯಮ ಮಾಡಿದೆ. ಇಲ್ಲೂ ಅಂಥ ನಿಯಮ ಬಂದರೆ ಮೊದಲ ಲಾಭ ಸೆಕೆಂಡ್ ಹ್ಯಾಂಡ್ ಕೊಳ್ಳುವ ಬಡವನಿಗೆ. ಅವನ ಕೈಗೆ ಬರುವ ಫೋನು ಇನ್ನಷ್ಟು ಕಾಲ ಬದುಕುತ್ತದೆ. ಅಲ್ಲಿಯವರೆಗೆ ಗಿರಾಕಿಯ ಬಾಯಿಯೇ ಕಾನೂನು. ಫೋನಿನಂಗಡಿಯಲ್ಲಿ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎಂದು ವಿಚಾರಿಸುವ ಮೊದಲು, ಇದರ ಬ್ಯಾಟರಿ ಹೋದರೆ ಯಾರು ಹಾಕಿಕೊಡುತ್ತಾರೆ, ಎಷ್ಟಾಗುತ್ತದೆ ಎಂದು ಕೇಳುವುದಕ್ಕೆ ಖರ್ಚೇನಿಲ್ಲ. ಹತ್ತು ಜನ ಕೇಳಿದರೆ ಅಂಗಡಿಯವನು ಉತ್ತರ ಹುಡುಕುತ್ತಾನೆ. ಲಕ್ಷ ಜನ ಕೇಳಿದರೆ ಕಂಪನಿಯೂ ಹುಡುಕಲೇಬೇಕಾಗುತ್ತದೆ.