ಹೂಗಿಡಗಳ ಉಳಿತಾಯ ಖಾತೆ

ಮಕ್ಕಳೇ, ವಸಂತ ಋತು ಎಂದರೆ ಚೈತ್ರ, ವೈಶಾಖ ಎಂದು ನೀವೆಲ್ಲ ಬಾಯಿಪಾಠ ಮಾಡಿದ್ದೀರಿ. ಇಂಗ್ಲಿಷ್ ಕತೆ ಪುಸ್ತಕದ ಚಿತ್ರಗಳಲ್ಲಿ ವಸಂತ ಬಂತೆಂದರೆ ಹಿಮ ಕರಗುತ್ತದೆ, ನೆಲ ಒದ್ದೆಯಾಗುತ್ತದೆ, ಹೂ ಅರಳುತ್ತದೆ. ನಮ್ಮ ಕಡೆ ಹಾಗಲ್ಲ. ನಮ್ಮ ವಸಂತ ಬಿಸಿಲು ಏರುವ ಕಾಲ. ಕೆರೆ ಇಳಿದಿರುತ್ತದೆ, ಬಾವಿಯ ತಳ ಕಾಣುತ್ತದೆ, ಅಂಗಳದ ಮಣ್ಣು ಬಿರುಕು ಬಿಟ್ಟಿರುತ್ತದೆ. ಸರಿಯಾಗಿ ಅದೇ ಹೊತ್ತಿಗೆ ಬೇವು ಹೂ ಬಿಡುತ್ತದೆ, ಹೊಂಗೆ ಚಿಗುರುತ್ತದೆ, ಮಲ್ಲಿಗೆ ಮೊಗ್ಗಾಗುತ್ತದೆ. ದೇವಕಣಗಿಲೆಯಂತೂ ಒಂದು ಎಲೆಯೂ ಇಲ್ಲದ ಬೋಳು ಕೊಂಬೆಯ ತುದಿಯಲ್ಲಿ ಹೂ ಗೊಂಚಲು ಹಿಡಿದು ನಿಂತಿರುತ್ತದೆ.

ಒಳ್ಳೆಯ ಮಳೆ ಬಿದ್ದು ಐದಾರು ತಿಂಗಳಾಗಿರುತ್ತದೆ. ಆದಾಯವೇ ಇಲ್ಲದ ತಿಂಗಳಲ್ಲಿ ಇಷ್ಟೊಂದು ಖರ್ಚು ಹೇಗೆ ಸಾಧ್ಯ?

35 ವರ್ಷ ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತು ಪಾಸ್‌ಬುಕ್ ತುಂಬಿದವನಿಗೆ ಇದಕ್ಕೆ ಒಂದೇ ಉತ್ತರ ತೋಚುತ್ತದೆ. ಇದು ಈ ತಿಂಗಳ ಸಂಬಳವಲ್ಲ, ಹಳೆಯ ಉಳಿತಾಯ. ಮಳೆಗಾಲದಲ್ಲಿ ಎಲೆಗಳು ದುಡಿದು ಕೂಡಿಟ್ಟ ಆಹಾರ ಬೇರಿನಲ್ಲಿ, ಕಾಂಡದಲ್ಲಿ, ಗೆಡ್ಡೆಯಲ್ಲಿ ಜಮೆಯಾಗಿರುತ್ತದೆ. ಚೈತ್ರ ಬಂದಾಗ ಗಿಡ ಅದನ್ನು ತೆಗೆದು ಖರ್ಚು ಮಾಡುತ್ತದೆ. ಈ ಮಾತು ಎಷ್ಟು ನಿಜವೆಂದು ನಮ್ಮ ಮನೆಯಲ್ಲಿ ಒಂದು ಬೇಸಿಗೆ ಪರೀಕ್ಷೆಯೇ ನಡೆದುಹೋಯಿತು.

ಬೆಂಗಳೂರಿನಲ್ಲಿದ್ದ ಯಾರೂ 2024ರ ಬೇಸಿಗೆಯನ್ನು ಮರೆತಿರಲಾರರು. ಹಿಂದಿನ ವರ್ಷ ಮುಂಗಾರು ಕೈಕೊಟ್ಟಿತ್ತು. ಎಷ್ಟೋ ಕೊಳವೆ ಬಾವಿಗಳು ಬತ್ತಿದವು. ಕುಡಿಯುವ ನೀರನ್ನು ಕಾರು ತೊಳೆಯಲು, ಕೈತೋಟಕ್ಕೆ ಹಾಕಲು ಬಳಸಬಾರದು ಎಂದು ಮಾರ್ಚ್ ತಿಂಗಳಲ್ಲಿ ಜಲಮಂಡಳಿ ಆದೇಶ ಹೊರಡಿಸಿತು. ತಪ್ಪಿದರೆ 5,000 ರೂಪಾಯಿ ದಂಡ. ನಗರಕ್ಕೆ ಬರುವ ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದಿಂದ ಪಂಪುಗಳ ಬಲದಲ್ಲಿ ಮೇಲೇರಿ ಬರುತ್ತದೆ. ಬರಗಾಲದಲ್ಲಿ ಅದನ್ನು ಹೂಕುಂಡಕ್ಕೆ ಸುರಿಯಬೇಡಿ ಎನ್ನುವುದು ನ್ಯಾಯವಾದ ಮಾತೇ.

ನಮ್ಮ ಮನೆಯ ಕೊಳವೆ ಬಾವಿಯೂ ಫೆಬ್ರವರಿ ಕೊನೆಗೆ ನಿಂತುಹೋಯಿತು. ನಾಲ್ಕು ದಿನಕ್ಕೊಂದು ಟ್ಯಾಂಕರ್. ಮೇಲಿನ ಮನೆಯ ಬಾಡಿಗೆಯವರು ಬಕೆಟ್ ಲೆಕ್ಕದಲ್ಲಿ ಸ್ನಾನ ಮಾಡುತ್ತಿದ್ದರು. ಅವರ ಕಣ್ಣಿಗೆ ಬೀಳುವಂತೆ ಕೆಳಗೆ ನಮ್ಮ 22 ಹೂಕುಂಡಗಳು!

ಒಂದು ಸಂಜೆ ಸೊಸೆ ಕಾಫಿ ಲೋಟ ಕೈಗೆ ಕೊಟ್ಟು ಹೇಳಿದಳು: "ಮಾವ, ಬೇಜಾರು ಮಾಡ್ಕೋಬೇಡಿ. ಈ ಕುಂಡಗಳನ್ನ ಯಾರಿಗಾದ್ರೂ ಕೊಟ್ಟುಬಿಡೋಣ. ಮೇಲಿನವರ ಮಗುವಿಗೆ ಸ್ನಾನಕ್ಕೇ ನೀರಿಲ್ಲ, ನಾವು ಗಿಡಕ್ಕೆ ಹಾಕ್ತಾ ನಿಂತ್ರೆ ಹೇಗೆ?"

ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ನಾಲ್ಕನೇ ಕ್ಲಾಸಿನ ಮೊಮ್ಮಗಳು ಪುಸ್ತಕದಿಂದ ತಲೆಯೆತ್ತಿ, "ಹಾಗಾದ್ರೆ ಯಾವ್ಯಾವ ಗಿಡ ಸಾಯುತ್ತೆ ತಾತ?" ಎಂದಳು. "ಮೊದಲು ಯಾರ ಖಾತೆಯಲ್ಲಿ ಎಷ್ಟಿದೆ ನೋಡೋಣ, ನೋಟ್‌ಬುಕ್ ತಾ" ಎಂದೆ. ಇಬ್ಬರೂ ಕುಳಿತು ಗೆರೆ ಎಳೆದು ನಾಲ್ಕು ಕಾಲಂ ಮಾಡಿದೆವು.

ಮೊದಲನೆಯದು ಚಾಲ್ತಿ ಖಾತೆ. ಅಂದಂದಿನ ದುಡಿಮೆ ಅಂದಂದಿಗೆ. ಒಂದು ದಿನ ನೀರು ತಪ್ಪಿದರೂ ತಲೆ ಬಾಗಿಸುವ ಹೈಡ್ರಾಂಜಿಯ, ಜರಿಗಿಡಗಳು ಇದರಲ್ಲಿ ಬಂದವು. ಅವು ಆರು ಕುಂಡ. ಅವೆಲ್ಲ ಸಕಲೇಶಪುರದ ನನ್ನ ತಂಗಿಯ ಮನೆಗೆ ಅವಳ ಮಗನ ಕಾರಿನಲ್ಲಿ ಹೋದವು. ಅಲ್ಲಿನ ತಂಪು ಅವಕ್ಕೆ ಒಗ್ಗುತ್ತದೆ.

ಎರಡನೆಯದು ಉಳಿತಾಯ ಖಾತೆ. ಐದು ಮಲ್ಲಿಗೆ, ಮೂರು ಕನಕಾಂಬರ, ಒಂದು ಗುಲಾಬಿ, ಒಟ್ಟು ಒಂಬತ್ತು. ಇವಕ್ಕೆ ನೀರು ಬೇಕು, ಆದರೆ ಹಿಡಿತದಲ್ಲಿ ಸಾಕು.

ಮೂರನೆಯದು ಬಿಸಿಲನ್ನೇ ಬಂಡವಾಳ ಮಾಡಿಕೊಂಡವರು. ಎರಡು ಕಾಗದದ ಹೂ, ಅಂದರೆ ಬೋಗನ್‌ವಿಲ್ಲಾ, ಮತ್ತು ಒಂದು ದೇವಕಣಗಿಲೆ. ನೀರು ಹೆಚ್ಚಾದರೆ ಕಾಗದದ ಹೂ ಬರೀ ಎಲೆ ಬಿಡುತ್ತದೆ. ಮಣ್ಣು ಒಣಗಿ, ಬಿಸಿಲು ಚೆನ್ನಾಗಿ ಬಿದ್ದರೆ ಗಿಡವೆಲ್ಲ ಬಣ್ಣ. ಮಕ್ಕಳೇ, ಆ ಬಣ್ಣದ ಭಾಗವನ್ನು ಒಮ್ಮೆ ಹತ್ತಿರದಿಂದ ನೋಡಿ. ಅದು ಹೂವಿನ ದಳವಲ್ಲ, ಬಣ್ಣ ತಳೆದ ಎಲೆ. ಮೂರು ಬಣ್ಣದ ಎಲೆಗಳ ನಡುವೆ ಸಣ್ಣ ಕೊಳವೆಯಂತೆ ಇರುವ ಮೂರು ಬಿಳಿ ಹೂಗಳೇ ನಿಜವಾದ ಹೂ. ದೇವಕಣಗಿಲೆಯ ಗುಟ್ಟು ಅದರ ದಪ್ಪ ಕೊಂಬೆಯಲ್ಲಿದೆ. ಅದು ನೀರು ತುಂಬಿಟ್ಟುಕೊಂಡ ಹೂಜಿ ಇದ್ದಂತೆ. ನೀರು ಆವಿಯಾಗಿ ಹೋಗದಿರಲೆಂದು ಚಳಿಗಾಲದಲ್ಲೇ ಎಲೆ ಉದುರಿಸಿರುತ್ತದೆ.

ನಾಲ್ಕನೆಯ ಕಾಲಂ ಬಂದಾಗ ಸೊಸೆ ನಕ್ಕಳು. ಅದರಲ್ಲಿದ್ದದ್ದು ನಾಲ್ಕು ಖಾಲಿ ಕುಂಡ. ಮೇಲೆ ನೋಡಿದರೆ ಬರೀ ಒಣ ಮಣ್ಣು. "ಇವು ನಿಶ್ಚಿತ ಠೇವಣಿ. ಅವಧಿಗೆ ಮುಂಚೆ ಮುಟ್ಟಬಾರದು" ಎಂದೆ. ಎರಡರಲ್ಲಿ ಕೆಂಪು ಲಿಲ್ಲಿಯ ಗೆಡ್ಡೆ, ಇನ್ನೆರಡರಲ್ಲಿ ಮೇ ಹೂವಿನ ಗೆಡ್ಡೆ ಮಲಗಿದ್ದವು.

ಇನ್ನು ನೀರಿನ ಲೆಕ್ಕ. ಒಂಬತ್ತು ಕುಂಡಕ್ಕೆ ದಿನ ಬಿಟ್ಟು ದಿನ ಒಂದೊಂದು ಲೀಟರ್ ಎಂದರೆ ಎರಡು ದಿನಕ್ಕೆ 9 ಲೀಟರ್. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ಒಂದು ಬಕೆಟ್ಟಿಗೆ ಸುರಿದು ಅಳೆದೆವು. ದಿನಕ್ಕೆ 5 ಲೀಟರಿಗೆ ಕಡಿಮೆ ಇರಲಿಲ್ಲ. ಹಾಗಾದರೆ ಎರಡು ದಿನಕ್ಕೆ 10. ಖರ್ಚು ಕಳೆದು ಒಂದು ಲೀಟರ್ ಉಳಿಯಿತು! ಆ ಒಂದು ಲೀಟರಿನಲ್ಲಿ ಒಂದಿಷ್ಟು ಮೂರನೇ ಕಾಲಂನವರಿಗೆ ವಾರಕ್ಕೊಮ್ಮೆ. ಉಳಿದದ್ದು ತಟ್ಟೆಯೊಂದರಲ್ಲಿ ಕಲ್ಲುಗಳನ್ನಿಟ್ಟು ಜೇನುನೊಣಗಳಿಗೆ. ಕಲ್ಲು ಯಾಕೆಂದರೆ, ಕುಳಿತು ಕುಡಿಯಲು ಜಾಗವಿಲ್ಲದಿದ್ದರೆ ಅವು ಮುಳುಗಿಬಿಡುತ್ತವೆ. ಟ್ಯಾಂಕರಿನ ನೀರು ಒಂದು ಚೊಂಬೂ ಗಿಡಕ್ಕೆ ಹೋಗಬಾರದು ಎಂದು ಮೊಮ್ಮಗಳು ನೋಟ್‌ಬುಕ್ಕಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿಟ್ಟಳು. ಕುಂಡದ ಮಣ್ಣಿನ ಮೇಲೆ ಒಣಗಿದ ಎಲೆ, ತೆಂಗಿನ ನಾರು ಹರಡಿ ಮುಚ್ಚಿದೆವು. ನೀರು ಹಾಕುವುದು ಬೆಳಗಿನ ಜಾವ ಅಥವಾ ಸೂರ್ಯ ಇಳಿದ ಮೇಲೆ ಮಾತ್ರ.

ಮನೆಯ ಹೆಂಗಸರು ಕೇಳಬಹುದು, ಇಷ್ಟು ಕಡಿಮೆ ನೀರಿನಲ್ಲಿ ಮಲ್ಲಿಗೆ ಹೂ ಬಿಡುತ್ತದೆಯೇ ಎಂದು. ಬಿಡುತ್ತದೆ, ಮಾಗಿಯಲ್ಲಿ ಅದಕ್ಕೆ ವಿಶ್ರಾಂತಿ ಕೊಟ್ಟಿದ್ದರೆ. ಡಿಸೆಂಬರ್ ಹೊತ್ತಿಗೆ ಎರಡು ಮೂರು ವಾರ ನೀರು ನಿಲ್ಲಿಸಬೇಕು. ಆಮೇಲೆ ಗಿಡವನ್ನು ಒಂದೂವರೆ ಅಡಿಗೆ ಸವರಿ, ಉಳಿದ ಎಲೆಯನ್ನೂ ಕಿತ್ತು, ಬುಡ ಕೆದಕಿ ಕೊಟ್ಟಿಗೆ ಗೊಬ್ಬರ ಹಾಕಿ ನೀರು ಶುರುಮಾಡಬೇಕು. ನೋಡಿದವರು ಅಯ್ಯೋ ಅನ್ನುತ್ತಾರೆ. ಆದರೆ ಮಲ್ಲಿಗೆ ಮೊಗ್ಗು ಬರುವುದು ಹೊಸ ಚಿಗುರಿನಲ್ಲಿ. ಹಳೆ ಕೊಂಬೆಯನ್ನು ಕರುಣೆಯಿಂದ ಉಳಿಸಿದರೆ ಎಲೆ ಸಿಗುತ್ತದೆ, ಹೂ ಸಿಗುವುದಿಲ್ಲ.

ಆ ವರ್ಷ ಯುಗಾದಿ ಏಪ್ರಿಲ್ 9ಕ್ಕೆ ಬಂತು. ಹಬ್ಬದ ಬೆಳಿಗ್ಗೆ ಮೊಮ್ಮಗಳು ಐದು ಕುಂಡದಿಂದ ಬಿಡಿಸಿ ಎಣಿಸಿದ ಮೊಗ್ಗು 64. ಬಾಳೆನಾರಿನಲ್ಲಿ ಕಟ್ಟಿದಾಗ ಮುಕ್ಕಾಲು ಮೊಳ ಆಯಿತು. ಅರ್ಧ ದೇವರಿಗೆ, ಅರ್ಧ ಮೇಲಿನ ಮನೆಯಾಕೆಯ ಮುಡಿಗೆ. ನೀರು ಎಲ್ಲಿಯದು ಎಂದು ಆಕೆ ಕೇಳುವ ಮೊದಲೇ ಮೊಮ್ಮಗಳು "ಅಕ್ಕಿ ತೊಳೆದ ನೀರು ಆಂಟಿ" ಎಂದು ಲೆಕ್ಕ ಒಪ್ಪಿಸಿದಳು. ಮರುದಿನದಿಂದ ಮೇಲಿನ ಮನೆಯ ತರಕಾರಿ ತೊಳೆದ ನೀರೂ ಕೆಳಗಿಳಿದು ಬರತೊಡಗಿತು.

ಉಡುಪಿ ಕಡೆ ಶಂಕರಪುರದ ಮಲ್ಲಿಗೆಯನ್ನು ಅಟ್ಟೆ ಲೆಕ್ಕದಲ್ಲಿ ಮಾರುತ್ತಾರೆ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಂದರೆ ಅಟ್ಟೆಗೆ 3,200 ಹೂ. ದಿನಕ್ಕೆ 64ರಂತೆ ನಮ್ಮ ಐದು ಕುಂಡಗಳು ಒಂದು ಅಟ್ಟೆ ಹೂ ಕೊಡಲು ಎಷ್ಟು ದಿನ ಬೇಕು? ನೀವೇ ಭಾಗಿಸಿ ನೋಡಿ. ಮೊಳ ಹೂ ಕೊಳ್ಳುವಾಗ ಚೌಕಾಸಿ ಮಾಡುವ ಮುಂಚೆ ಈ ಲೆಕ್ಕ ನೆನಪಿರಲಿ. ಬೆಳಕು ಹರಿಯುವ ಮೊದಲೇ ಯಾರೋ ಆ ಮೊಗ್ಗುಗಳನ್ನು ಒಂದೊಂದಾಗಿ ಬಿಡಿಸಿರುತ್ತಾರೆ.

ಎಲ್ಲವೂ ಉಳಿಯಿತು ಎಂದು ಹೇಳಲಾರೆ. ಗುಲಾಬಿ ಒಣಗಿತು. ಕನಕಾಂಬರ ಮೂರರಲ್ಲಿ ಎರಡು ಸಣ್ಣಗಾದವು. ಕೆಂಪು ಲಿಲ್ಲಿಯಲ್ಲಿ ಒಂದು ಕುಂಡ ಹೂ ಬಿಟ್ಟಿತು, ಇನ್ನೊಂದು ಬಿಡಲಿಲ್ಲ.

ಏಪ್ರಿಲ್ ತಿಂಗಳಲ್ಲಿ ಮಳೆಯ ಮುಖವನ್ನೇ ನೋಡಲಿಲ್ಲ. ಮೇ ಮೊದಲ ವಾರ ಗುಡುಗಿ, ಮಣ್ಣಿನ ವಾಸನೆ ಎಬ್ಬಿಸಿ ಮಳೆ ಬಂತು. ಎಂಟು ದಿನದ ಮೇಲೆ ಖಾಲಿ ಕುಂಡವೊಂದರಲ್ಲಿ ಬೆರಳಿನ ಗಾತ್ರದ ಕಾಂಡ ಮಣ್ಣು ಸೀಳಿತು. ಮತ್ತೆ ನಾಲ್ಕೈದು ದಿನಕ್ಕೆ ಅದರ ತುದಿಯಲ್ಲಿ ಚೆಂಡಿನಂಥ ಕೆಂಪು ಹೂ. ಅದು ಒಂದು ಹೂವಲ್ಲ, ನೂರಾರು ಪುಟ್ಟ ಹೂಗಳ ಗುಂಪು. ಇದರ ಮೂಲ ಆಫ್ರಿಕಾ. ಯಾವ ಕಾಲದಲ್ಲೋ ನಮ್ಮ ಅಂಗಳಗಳಿಗೆ ಬಂದು, ಮೇ ತಿಂಗಳಲ್ಲಿ ತಪ್ಪದೆ ಅರಳಿ ನಮ್ಮದೇ ಆಗಿದೆ. ಸೊಸೆ ಬಗ್ಗಿ ನೋಡಿ, "ಮಾವ, ಇದಕ್ಕೆ ಎಷ್ಟು ನೀರು ಹಾಕಿದ್ರಿ?" ಎಂದಳು. ಮೊಮ್ಮಗಳು ನೋಟ್‌ಬುಕ್ ತೆರೆದು ತೋರಿಸಿದಳು. ಆ ಸಾಲಿನಲ್ಲಿ ಉದ್ದಕ್ಕೂ ಸೊನ್ನೆ.

ಆ ಹೂವಿನ ಹಣ ಹಿಂದಿನ ವರ್ಷದ ಎಲೆಗಳು ಕಟ್ಟಿದ್ದು. ಹಾಗಾಗಿ ಒಂದು ಎಚ್ಚರ. ಮೇ ಹೂ ಬಾಡಿದ ಮೇಲೆ ದೊಡ್ಡ ಹಸಿರು ಎಲೆಗಳು ಬರುತ್ತವೆ. ಹೂ ಮುಗಿಯಿತಲ್ಲ, ಇನ್ನು ಈ ಎಲೆ ಯಾಕೆ ಎಂದು ಕತ್ತರಿಸಬೇಡಿ. ಮಳೆಗಾಲವಿಡೀ ಜಮಾ ಮಾಡುವುದು ಆ ಎಲೆಗಳೇ. ಅವು ತಾವಾಗಿ ಹಳದಿಯಾಗಿ ಒಣಗಿದ ಮೇಲೆ ತೆಗೆದು, ನೀರು ನಿಲ್ಲಿಸಿ, ಕುಂಡವನ್ನು ಮೂಲೆಗಿಡಿ. ಗೆಡ್ಡೆ ನೋಡಲು ಈರುಳ್ಳಿಯಂತಿದ್ದರೂ ವಿಷ. ಚಿಕ್ಕ ಮಕ್ಕಳ, ನಾಯಿಮರಿಗಳ ಬಾಯಿಗೆ ಸಿಗದಿರಲಿ.

ಬೇಸಿಗೆಯಲ್ಲಿ ಹೂ ಬೇಕೆಂದು ನರ್ಸರಿಗೆ ಓಡುವವರು ಬಹಳ. ಹೂವಿರುವ ಕುಂಡ ತರುತ್ತಾರೆ, ಹದಿನೈದು ದಿನ ಬಕೆಟ್‌ಗಟ್ಟಲೆ ನೀರು ಸುರಿಯುತ್ತಾರೆ, ಒಣಗಿದಾಗ ಎಸೆಯುತ್ತಾರೆ. ಅದು ಸಾಲ ಮಾಡಿ ಹಬ್ಬ ಮಾಡಿದ ಹಾಗೆ. ವಸಂತದ ಹೂವಿಗೆ ಕೆಲಸ ಶುರುವಾಗುವುದು ಆಷಾಢ, ಶ್ರಾವಣದಲ್ಲಿ. ಆಗ ಮಲ್ಲಿಗೆಯ ಕಡ್ಡಿ ನೆಡಿ, ನೀರು ಮಳೆಯೇ ಹಾಕುತ್ತದೆ. ಸಾಧ್ಯವಿದ್ದವರು ಕಾಂಪೌಂಡಿನ ಒಳಗೆ ಒಂದು ಮಾರಿನಷ್ಟಾದರೂ ನೆಲಕ್ಕೆ ಸಿಮೆಂಟು ಹಾಕಿಸದೆ ಬಿಡಿ. ಕುಂಡದಲ್ಲಿರುವ ಗಿಡಕ್ಕೆ ಸಿಗುವುದು ಕುಂಡದಷ್ಟೇ ಮಣ್ಣು. ನೆಲದಲ್ಲಿರುವ ಗಿಡ ನೀರು ಹುಡುಕಿಕೊಂಡು ತಾನೇ ಆಳಕ್ಕೆ ಇಳಿಯುತ್ತದೆ. ಆ ಬೇಸಿಗೆಯಲ್ಲಿ ನಮ್ಮ ಬೀದಿಯ ಹೊಂಗೆ ಮರಕ್ಕೆ ಯಾರೂ ಒಂದು ಚೊಂಬು ನೀರು ಹಾಕಿರಲಿಲ್ಲ. ಅದು ಚಿಗುರಿ, ಹೂ ಬಿಟ್ಟು, ಕೆಳಗೆ ನಿಂತ ಸ್ಕೂಟರುಗಳ ಮೇಲೆಲ್ಲ ನಸುನೇರಳೆ ಹೂ ಉದುರಿಸಿತು.

ಮಕ್ಕಳಿಗೆ ಈ ವಾರದ ಕೆಲಸ ಎರಡು. ಮೊದಲನೆಯದು, ಸಂಜೆ ಆರರಿಂದ ಎಂಟರವರೆಗೆ ಮಲ್ಲಿಗೆ ಗಿಡದ ಹತ್ತಿರ ಕುಳಿತು ಮೊಗ್ಗು ಅರಳುವುದನ್ನು ನೋಡಿ. ಬಿಳಿ ಬಣ್ಣ, ಜೋರಾದ ಪರಿಮಳ, ಅರಳುವುದು ಕತ್ತಲಾಗುವಾಗ. ಹಾಗಾದರೆ ಅದು ಯಾರನ್ನು ಕರೆಯುತ್ತಿದೆ? ಚಿಟ್ಟೆಯನ್ನೋ, ಪತಂಗವನ್ನೋ ಯೋಚಿಸಿ. ಎರಡನೆಯದು, ಕನಕಾಂಬರದ ತೆನೆ ಒಣಗಿದ್ದರೆ ಅದರ ಕಂದು ಕಾಯಿಗಳನ್ನು ಬಿಡಿಸಿ ಒಂದು ಬಟ್ಟಲು ನೀರಿಗೆ ಹಾಕಿ ಸ್ವಲ್ಪ ಕಾಯಿರಿ. ಪಟ್ ಎಂದು ಸಿಡಿದು ಬೀಜ ಹಾರುತ್ತದೆ, ಮುಖ ದೂರವಿಡಿ. ಕಾಯಿ ಒದ್ದೆಯಾದಾಗಲೇ ಯಾಕೆ ಸಿಡಿಯುತ್ತದೆ ಎಂದು ಮನೆಯಲ್ಲಿ ಕೇಳಿ. ಗೊತ್ತಿಲ್ಲ ಎಂದರೆ ನೀವೇ ಹೇಳಿಕೊಡಿ: ಮಳೆ ಬಂದಿದೆ, ಬೀಜ ಬಿತ್ತಲು ಇದೇ ಸಮಯ ಎಂದು ಗಿಡಕ್ಕೆ ತಿಳಿಯುವುದು ಹಾಗೆಯೇ. ಹಾರಿದ ಬೀಜಗಳನ್ನು ಹುಡುಕಿ ಕಾಗದದ ಪೊಟ್ಟಣದಲ್ಲಿ ಕಟ್ಟಿ, ತಾರೀಖು ಬರೆದು ಜೋಪಾನವಾಗಿಡಿ. ಜೂನ್‌ನಲ್ಲಿ ಅದು ಬೇಕಾಗುತ್ತದೆ.