ಹೊತ್ತವರ ಲೆಕ್ಕ ಎಲ್ಲಿ?

ಶ್ರೀರಂಗಪಟ್ಟಣದ ಕಲ್ಲುಸೇತುವೆ ಕಟ್ಟಿದ್ದು ಯಾರು ಅಂತ ಶಾಲೆ ಮಕ್ಕಳನ್ನು ಕೇಳಿ. ದಿವಾನ್ ಪೂರ್ಣಯ್ಯ ಅನ್ನುತ್ತವೆ. ಹೆಸರು ಯಾರದು? ಗವರ್ನರ್ ಜನರಲ್ ವೆಲ್ಲೆಸ್ಲಿಯದು. 1804ರಲ್ಲಿ ಮುಗಿದ ಆ ಸೇತುವೆಗೆ ಕಮಾನಿಲ್ಲ. ಕಲ್ಲುಕಂಬ, ಮೇಲೆ ಕಲ್ಲುತೊಲೆ, ಅಷ್ಟೆ. ಎರಡು ಶತಮಾನ ಕಾವೇರಿಗೆ ಎದೆಕೊಟ್ಟು ನಿಂತಿದೆ. ಸಂತೋಷ. ಆದರೆ ಆ ಕಲ್ಲನ್ನು ಸೀಳಿದ, ಎಳೆದ, ಹೊಳೆಗಿಳಿದು ನಿಲ್ಲಿಸಿದ ಕೈಗಳಿಗೆ ಹೆಸರಿರಲಿಲ್ಲವೇ? ದಿವಾನರೇ ಕಲ್ಲು ಹೊತ್ತರೇ ಸ್ವಾಮಿ?

ಇಂಗ್ಲೆಂಡಿನಲ್ಲಿ 1825ಕ್ಕೆ ಉಗಿಬಂಡಿ ಓಡಿತು. ಆಗ ನಮ್ಮಲ್ಲಿ ಸಾರಿಗೆ ಅಂದರೆ ಎತ್ತಿನ ಬೆನ್ನು, ಇಲ್ಲಾ ಮನುಷ್ಯನ ತಲೆ. 1803ರಲ್ಲಿ ವೆಲ್ಲೆಸ್ಲಿಯ ತಮ್ಮ ಆರ್ಥರ್ ಮರಾಠರ ಮೇಲೆ ದಂಡೆತ್ತಿ ಹೋದಾಗ ಮೈಸೂರಿನ ಎತ್ತುಗಳು ತೋಪು ಎಳೆದವು. ಬಾಡಿಗೆ ಎತ್ತು ಒಳ್ಳೆಯದೋ, ಸರ್ಕಾರಿ ಎತ್ತು ಒಳ್ಳೆಯದೋ, ಇದು ಆ ಸಾಹೇಬರ ದೊಡ್ಡ ಚರ್ಚೆ! ಅಮೃತಮಹಲ್ ತಳಿಯ ವಂಶಾವಳಿಯನ್ನು ಚಿಕ್ಕದೇವರಾಜ ಒಡೆಯರ ಕಾಲದಿಂದ ಬರೆದಿಟ್ಟಿದ್ದಾರೆ. ಆ ಎತ್ತಿನ ನೊಗಕ್ಕೆ ಮಿಣಿ ಹೊಸೆದ ಮಾದಿಗನಿಗೆ ವಂಶಾವಳಿ ಇಲ್ಲ. ಸತ್ತ ಎತ್ತನ್ನು ಎಳೆದುಹಾಕಿದವನಿಗಂತೂ ಕೇಳಲೇಬೇಡಿ.

1812ರಲ್ಲಿ ಲಂಡನ್ನಿನ ಪಾರ್ಲಿಮೆಂಟಿಗೆ ಒಪ್ಪಿಸಿದ ಐದನೇ ವರದಿ ಮದರಾಸು ಸೀಮೆಯ ಹಳ್ಳಿ ಚಾಕರಿಯವರನ್ನು ಪಟ್ಟಿ ಮಾಡುತ್ತದೆ. ದಾರಿಹೋಕರನ್ನು ಊರಿಂದೂರಿಗೆ ಕಾದು ಮುಟ್ಟಿಸೋದು ತಳವಾರನ ಕೆಲಸವಂತೆ. ನಮ್ಮ ಕಡೆ ಅಂಥ ಚಾಕರಿ ಹೊರೆ ಸಮೇತ ತೋಟಿ, ಕುಳವಾಡಿಗಳ ತಲೆಗೆ ಬಿತ್ತು. ಬಿಟ್ಟಿ! ಬಿಟ್ಟಿ ಹೊತ್ತವನ ಗಂಜಿ ಯಾವ ಚರ್ಚೆಗೂ ಬರಲಿಲ್ಲ.

"ರಸ್ತೆ ಬಂದದ್ದಕ್ಕೇ ತಾನೇ ನೀವು ಪೇಟೆಗೆ ಬಂದು ಬಿ.ಎ. ಓದಿದ್ದು" ಎಂದು ನಮಗೆ ಬುದ್ಧಿ ಹೇಳೋ ಮಹನೀಯರಿದ್ದಾರೆ. ಹೌದು, ಬಂದೆವು. ರಸ್ತೆ ಬೇಡ ಅಂದವರು ಯಾರು? ಅದರ ಜಲ್ಲಿ ಒಡೆದವರು ನಮ್ಮ ಅವ್ವ ಅಪ್ಪಂದಿರು; ಋಣ ಅವರದು, ದಿವಾನರದಲ್ಲ.

ನಾವಿರುವುದು ಮಂಡಿ ಮೊಹಲ್ಲಾ. ಹೆಸರಲ್ಲೇ ಸಗಟು ವ್ಯಾಪಾರ ಕೂತಿದೆ. ಪಕ್ಕದ್ದು ಲಷ್ಕರ್ ಮೊಹಲ್ಲಾ, ಅಂದರೆ ದಂಡು. ಮಂಡಿಗೂ ದಂಡಿಗೂ ದಾರಿ ಬೇಕಿತ್ತು, ಆಯಿತು. ಮೂಟೆ ಹೊರುವ ಹಮಾಲರ ಹೆಸರಿನ ಮೊಹಲ್ಲಾ ಮಾತ್ರ ನಾವು ಕೇಳಿಲ್ಲ.

ಇನ್ನು ಲಂಬಾಣಿಗಳು. ವೆಲ್ಲೆಸ್ಲಿಯ ದಂಡಿಗೆ ಹೇರೆತ್ತಿನ ಮೇಲೆ ದವಸ ಹೊತ್ತು ಕೊಟ್ಟವರು ಇವರೇ. ಇವರಿಲ್ಲದಿದ್ದರೆ ಆ ಜಯಭೇರಿ ಹಸಿದು ಸಾಯುತ್ತಿತ್ತು. ಮುಂದೆ ಬಂಡಿರಸ್ತೆ ಬಂತು, 1882ಕ್ಕೆ ಮೈಸೂರಿಗೆ ರೈಲೂ ಬಂತು. ಹೇರೆತ್ತು ಮೂಲೆಗೆ ಬಿತ್ತು. ಅನ್ನ ಹೊತ್ತು ತಿರುಗಿದ ಜನರ ಅಲೆದಾಟವೇ ಅಪರಾಧವಾಯಿತು. 1871ರ ಕಾಯಿದೆ ಅಂಥ ಸಮುದಾಯಗಳ ಹಣೆಗೆ 'ಅಪರಾಧಿ ಬುಡಕಟ್ಟು' ಅಂತ ಬರೆಯಿತು.

ಹಳ್ಳಿ ಮೇಷ್ಟ್ರುಗಳೇ, ಪ್ರವಾಸಕ್ಕೆ ಮಕ್ಕಳನ್ನು ಆ ಸೇತುವೆಗೆ ಕರೆದೊಯ್ದಾಗ ಶಾಸನ ಆಮೇಲೆ ತೋರಿಸಿ. ಮೊದಲು ಕಂಬಗಳನ್ನು ಮುಟ್ಟಿಸಿ, ಉಳಿಯ ಗುರುತು ಹುಡುಕಿಸಿ.